ನೀಲಿನಾ, ಕ್ರೀಮಾ? ನಮ್ಮ ಮನೆ ಗೋಡೆ ಬಗ್ಗೆ ಒಂದು ಉದ್ದದ ಮಾತು



ಇದು ಸ್ವಲ್ಪ ಉದ್ದದ ಬರಹ. ಪುರುಸೊತ್ತು ಇದ್ದಾಗ ಓದಿ. ಯಾವ ಮಂತ್ರಿಯ ಹೇಳಿಕೆ ಬಗ್ಗೆಯೂ ಅಲ್ಲ, ಯಾವ ಧರಣಿಯ ಬಗ್ಗೆಯೂ ಅಲ್ಲ. ನಮ್ಮ ಹೊಸ ಮನೆಯ ಹಾಲ್‌ಗೆ ಯಾವ ಬಣ್ಣ ಹೊಡೆಸೋದು ಅನ್ನೋದರ ಬಗ್ಗೆ. ನಗಬೇಡಿ. ಇಷ್ಟೆಲ್ಲ ದೌರ್ಜನ್ಯ ನಡೀತಿರುವಾಗ ಇವನಿಗೆ ಪೇಂಟಿನ ಚಿಂತೆ ಬಂತಾ ಅಂತ ಕೇಳೋರು ಇರ್ತಾರೆ ಅಂತಲೂ ಗೊತ್ತು. ಆದರೆ ಆ ಎರಡು ವಾರದಲ್ಲಿ ನಾನು ನನ್ನ ಬಗ್ಗೆ ಕಲಿತಷ್ಟು, ಇಪ್ಪತ್ತು ವರ್ಷದ ಮೀಟಿಂಗುಗಳಲ್ಲಿ ಕಲಿತಿದ್ದೆನೋ ಇಲ್ಲವೋ. ಅದಕ್ಕೇ ಬರೀತಿದ್ದೀನಿ.

ನಮ್ಮದು 20-30 ಸೈಟು. ಆಫೀಸಿನಲ್ಲಿ ಗುಮಾಸ್ತನಾಗಿ ದುಡಿಯುವ ನಾನು 20 ವರ್ಷದ ಸಾಲ ತಗೊಂಡು ಕಟ್ಟಿಸಿದ ಮನೆ. ಕೆಳಗೆ ನಾವು. ಮೇಲೆ ಒಂದು ರೂಮು, ಅಡುಗೆಮನೆ, ಬಾತ್‌ರೂಮು ಇರುವ ಸಣ್ಣ ಪೋರ್ಷನ್. ಅದನ್ನ ಬಾಡಿಗೆಗೆ ಕೊಟ್ಟರೆ ತಿಂಗಳ ಕಂತಿಗೆ ಸ್ವಲ್ಪ ಆಸರೆ ಆಗುತ್ತೆ ಅನ್ನೋದು ಲೆಕ್ಕ. ಪ್ಲಾಸ್ಟರಿಂಗ್ ಮುಗೀತು, ಪುಟ್ಟಿ ಹಾಕಿ ಉಜ್ಜಿದ್ದಾಯ್ತು, ಪ್ರೈಮರ್ ಆಯ್ತು. ಪೇಂಟರ್ ದಿನಾ ಬೆಳಿಗ್ಗೆ ಬಂದು ಒಂದೇ ಪ್ರಶ್ನೆ ಕೇಳೋನು: "ಅಣ್ಣ, ಹಾಲ್‌ಗೆ ಯಾವುದು ಫೈನಲ್ಲು?" ಶೇಡ್ ಕಾರ್ಡಿನಲ್ಲಿ ನೂರಾರು ಬಣ್ಣ ನೋಡಿ ನೋಡಿ ಕೊನೆಗೆ ಎರಡಕ್ಕೆ ಬಂದಿದ್ದೆವು. ಒಂದು ಕಡು ನೀಲಿ, ಅದು ನನ್ನದು. ಇನ್ನೊಂದು ತಿಳಿ ಕ್ರೀಮು, ಅದು ನನ್ನ ಸಂಗಾತಿಯದು.

ನಮ್ಮ ಮನೆತನದಲ್ಲಿ ಗೋಡೆಗೆ ಬಣ್ಣ ಆರಿಸೋ ಪ್ರಸಂಗ ಬಂದಿದ್ದೇ ಇದು ಮೊದಲು. ನಾನು ಹುಟ್ಟಿದ್ದು ಕೇರಿಯ ಮಣ್ಣಿನ ಗೋಡೆ ಮನೆಯಲ್ಲಿ. ಹಬ್ಬಕ್ಕೆ ಸುಣ್ಣ, ಕೆಳಗಡೆ ಒಂದು ಪಟ್ಟಿ ಕೆಮ್ಮಣ್ಣು, ಅಷ್ಟೇ. ಆಮೇಲೆ ಜನತಾ ಮನೆ ಬಂತು. ಸಾಲಿಗೆಲ್ಲ ಒಂದೇ ಬಣ್ಣ. ಅದು ಯಾರಿಗೆ ಇಷ್ಟ, ಯಾರಿಗೆ ಇಷ್ಟ ಇಲ್ಲ ಅಂತ ಕೇಳೋರು ಯಾರು? ಕೆಲಸ ಸಿಕ್ಕ ಮೇಲೆ ಬಾಡಿಗೆ ಮನೆಗಳು. ಅಲ್ಲಿ ಗೋಡೆಗೆ ಮೊಳೆ ಹೊಡೆಯೋಕೂ ಓನರ್ ಅಪ್ಪಣೆ ಬೇಕು.

ಆ ಬಾಡಿಗೆ ಮನೆಗಳ ಕಥೆ ನಿಮಗೆ ಹೊಸದಲ್ಲ. "ನೀವು ಯಾವ ಜನ?" ಅಂತ ನೇರವಾಗಿ ಕೇಳೋರು ಒಂದು ಥರ. "ನೀವು ವೆಜ್ಜಾ?" ಅಂತ ಸುತ್ತಿ ಬಳಸಿ ಕೇಳೋರು ಇನ್ನೊಂದು ಥರ. ಅಡ್ವಾನ್ಸ್ ಮಾತಾಡಿ ಆದ ಮೇಲೆ, "ನಮ್ಮ ತಂಗಿ ಮಗ ಬರ್ತಾನಂತೆ, ಸಾರಿ" ಅಂತ ಫೋನ್ ಮಾಡೋರು ಮೂರನೇ ಥರ. ಅಮೆರಿಕದಲ್ಲಿ ಓದಿ ಬಂದ ಬಾಬಾಸಾಹೇಬರಿಗೇ ಬರೋಡಾದಲ್ಲಿ ಇರೋಕೆ ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಜಾತಿ ಮುಚ್ಚಿಟ್ಟು ಉಳಿದರು. ಗೊತ್ತಾದ ಮೇಲೆ ದೊಣ್ಣೆ ಹಿಡಿದು ಬಂದವರು ಹೊರಗೆ ಹಾಕಿದರು. ಅದನ್ನ ಅವರೇ ಬರೆದಿಟ್ಟಿದ್ದಾರೆ. ನೂರು ವರ್ಷ ಆಯ್ತು. ದೊಣ್ಣೆ ಹೋಗಿ ಫೋನ್ ಬಂದಿದೆ.

ನಾವು ನಾಲ್ಕು ವರ್ಷ ಇದ್ದ ಒಂದು ಬಾಡಿಗೆ ಮನೆಯ ಹಾಲು ಕ್ರೀಮ್ ಬಣ್ಣದ್ದು. ಓನರ್ ಕೆಳಗಡೆನೇ ಇದ್ದರು, ಒಳ್ಳೆ ಮಾತಿನವರು, ಜಾತಿ ಕೇಳಿರಲಿಲ್ಲ. ನಾವೂ ಹೇಳಿರಲಿಲ್ಲ. ಬಾಬಾಸಾಹೇಬರ ಫೋಟೊ ಆ ನಾಲ್ಕು ವರ್ಷ ಎಲ್ಲಿತ್ತು ಗೊತ್ತಾ? ರೂಮಿನ ಬೀರುವಿನೊಳಗೆ, ಬಟ್ಟೆಗಳ ಪಕ್ಕ. ಏಪ್ರಿಲ್ 14ಕ್ಕೆ ಊರಿನ ವೇದಿಕೆ ಮೇಲೆ ಭಾಷಣ ಮಾಡಿ ಮನೆಗೆ ಬಂದರೆ ಬೀರು ತೆಗೆದು ಕೈ ಮುಗೀತಿದ್ದೆ. ಇದನ್ನ ಇಷ್ಟು ದಿನ ಯಾರ ಹತ್ತಿರನೂ ಹೇಳಿಲ್ಲ.

ಹಾಗಾಗಿ ಸ್ವಂತ ಗೋಡೆ ಬಂದ ಕೂಡಲೇ ನನ್ನ ತಲೆಯಲ್ಲಿ ಒಂದೇ ಇತ್ತು: ನೀಲಿ. ಕ್ರೀಮ್ ಅಂದ್ರೆ ನನಗೆ ಆ ಬೀರುವಿನ ನೆನಪು.

ನೀಲಿ ನಮ್ಮದು ಯಾಕಾಯ್ತು ಅಂತ ಗೊತ್ತಿಲ್ಲದ ಹುಡುಗರಿಗೆ ಎರಡು ಮಾತು. 1936ರಲ್ಲಿ ಬಾಬಾಸಾಹೇಬರು ಕಟ್ಟಿದ್ದು ಸ್ವತಂತ್ರ ಕಾರ್ಮಿಕ ಪಕ್ಷ. 1942ರಲ್ಲಿ ನಾಗಪುರದಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟ ಹುಟ್ಟಿತು, ಅದರ ಬಾವುಟ ನೀಲಿ. ಅವರು ತೀರಿಕೊಂಡ ಮೇಲೆ 1957ರಲ್ಲಿ ಬಂದ ರಿಪಬ್ಲಿಕನ್ ಪಕ್ಷವೂ ಅದೇ ನೀಲಿ ಹಿಡೀತು. ಆಕಾಶದ ಕೆಳಗೆ ಎಲ್ಲರೂ ಒಂದೇ, ಅದಕ್ಕೇ ಆಕಾಶದ ಬಣ್ಣ ಅಂತ ನಮ್ಮ ಹಿರಿಯರು ವಿವರಿಸೋರು. ಬಾವುಟದಿಂದ ಅದು ಪ್ರತಿಮೆಗಳಿಗೆ ಬಂತು, ನೀಲಿ ಕೋಟು, ಕೈಯಲ್ಲಿ ಸಂವಿಧಾನ. ಅಲ್ಲಿಂದ ಕೇರಿಯ ಬೋರ್ಡಿಗೆ, ಶಾಲಿಗೆ, ಆಟೋ ಹಿಂದಿನ ಸ್ಟಿಕ್ಕರಿಗೆ. ರಾಷ್ಟ್ರಧ್ವಜದ ಮಧ್ಯದ ಅಶೋಕ ಚಕ್ರವೂ ನೀಲಿಯೇ.

ಆದರೆ ಬಣ್ಣಕ್ಕೆ ತನ್ನದೇ ಜಾತಿ ಇಲ್ಲ, ಇದನ್ನೂ ನೆನಪಿಡಿ. ರಾಜಸ್ಥಾನದ ಜೋಧಪುರದ ಹಳೇ ಪೇಟೆಯಲ್ಲಿ ಸಾಲುಸಾಲು ನೀಲಿ ಮನೆಗಳಿವೆ. ಅಲ್ಲಿ ನೀಲಿ ಅಂದರೆ ಬ್ರಾಹ್ಮಣರ ಮನೆಯ ಗುರುತು ಅನ್ನೋ ಮಾತಿದೆ. ಅದೇ ನೀಲಿ, ಅಲ್ಲಿ ಒಂದು ಅರ್ಥ, ಇಲ್ಲಿ ಒಂದು ಅರ್ಥ. ಅಲ್ಲಿ ಜನ ನಿಂತು ಫೋಟೊ ತಗೋತಾರೆ. ಇಲ್ಲಿ ಬಾಡಿಗೆ ಮನೆ ಬೇಡ ಅಂತಾರೆ.

ಇದನ್ನ ನನಗೆ ಮೊದಲು ಹೇಳಿದ್ದು ನಮ್ಮ ಪೇಂಟರ್. ಅವನೂ ನಮ್ಮೋನೇ. ನೀಲಿ ಚೀಟಿ ಕೈಯಲ್ಲಿ ಹಿಡ್ಕೊಂಡು ತಲೆ ಕೆರ್ಕೊಂಡ.

"ಅಣ್ಣ, ಬೇಡ ಅಣ್ಣ. ಮೇಲೆ ಬಾಡಿಗೆಗೆ ಕೊಡ್ತೀರ. ಮನೆ ನೋಡೋಕೆ ಬಂದೋರು ಅಡ್ವಾನ್ಸ್ ಮಾತಾಡೋಕೆ ಹಾಲಲ್ಲೇ ಕೂತ್ಕೊಳೋದು. ಗೊತ್ತಾಗ್ಬಿಡುತ್ತೆ."

"ಏನು ಗೊತ್ತಾಗುತ್ತೆ?"

ಅವನು ಮಾತಾಡಲಿಲ್ಲ. ಬ್ರಷ್ ನೀರಿಗೆ ಹಾಕಿ ಅಲ್ಲಾಡಿಸ್ತಾ ನಿಂತ. ಆಮೇಲೆ ಹೇಳಿದ: "ನಾನು ಎಲ್ಲಾರ ಮನೆಗೂ ಬಣ್ಣ ಹೊಡೀತೀನಿ. ಕೆಲಸ ನಡೆಯೋವಾಗ ದೇವರ ಕೋಣೆಗೂ ಬಿಡ್ತಾರೆ, ಏಣಿ ಹತ್ತಿ ದೇವರ ತಲೆ ಮೇಲಿನ ಸೀಲಿಂಗೂ ಮಾಡ್ತೀನಿ. ಬಣ್ಣ ಒಣಗಿದ ಮೇಲೆ ಕಾಸು ಇಸ್ಕೊಳೋಕೆ ಹೋದ್ರೆ ಗೇಟ್ ಹೊರಗೆ ನಿಲ್ಲಿಸ್ತಾರೆ. ಯಾರೂ ನನ್ನ ಜಾತಿ ಕೇಳಿಲ್ಲ, ನಾನೂ ಹೇಳಿಲ್ಲ. ಸುಮ್ನೆ ಯಾಕೆ ಅಂತ."

"ಸುಮ್ನೆ ಯಾಕೆ" ಅನ್ನೋ ಈ ಎರಡು ಪದ ನಮ್ಮ ಜನರ ಎಷ್ಟು ಮನೆಗಳ ಗೋಡೆಗೆ ಬಣ್ಣ ಹೊಡೆದಿದೆಯೋ. ನನಗೆ ಸಿಟ್ಟು ಬಂತು, ಅವನ ಮೇಲಲ್ಲ. ಆವತ್ತೇ ತೀರ್ಮಾನ ಮಾಡಿದೆ. ನೀಲಿಯೇ. ಅದೂ ನಾಲ್ಕೂ ಗೋಡೆಗೆ.

ಸಂಜೆ ಹೆಂಡತಿಗೆ ಹೇಳಿದೆ. ಅವಳು ಬೇಡ ಅಂದಳು. ನನಗೆ ವೇದಿಕೆ ಸಿಕ್ಕ ಹಾಗಾಯ್ತು. ಕ್ರೀಮ್ ಅಂದ್ರೆ ಹೆದರಿಕೆಯ ಬಣ್ಣ, ಅವರ ಥರ ಕಾಣಬೇಕು ಅನ್ನೋ ಆಸೆಯ ಬಣ್ಣ, ನಾವು ಎಷ್ಟು ದಿನ ಹೀಗೆ ಮುಖ ಮುಚ್ಕೊಂಡಿರೋದು, ಹೀಗೆಲ್ಲ ಹತ್ತು ನಿಮಿಷ ಮಾತಾಡಿದೆ. ಚಪ್ಪಾಳೆ ಒಂದು ಬಾಕಿ. ಅವಳು ಹೊಲಿಗೆ ಮಿಷಿನ್ನಿನ ಮೇಲೆ ಬಗ್ಗಿದ್ದವಳು ತಲೆ ಎತ್ತಿದಳು.

"ರೀ, ಆ ಬಾಡಿಗೆ ಮನೇಲಿ ಫೋಟೊ ಬೀರು ಒಳಗಿಟ್ಟಿದ್ದು ಯಾರು? ನಾನಾ, ನೀವಾ?"

ನಾನು. ಅವಳು ಹಾಲ್‌ನಲ್ಲಿ ಹಾಕೋಣ, ಕೇಳಿದರೆ ಹೇಳೋಣ ಅಂದಿದ್ದಳು. ಮಗಳ ಸ್ಕೂಲ್ ಹತ್ತಿರ, ಮನೆ ಬದಲಾಯಿಸೋಕೆ ಆಗಲ್ಲ ಅಂತ ತಡೆದವನು ನಾನು.

"ನನಗೆ ಹೆದರಿಕೆ ಅಂತ ನೀವೇ ತೀರ್ಮಾನ ಮಾಡ್ಬಿಟ್ರಿ. ಯಾಕೆ ಕ್ರೀಮು ಅಂತ ಒಂದ್ಸಲ ಕೇಳಿದ್ರಾ? ಈ ಹಾಲ್‌ಗಿರೋದು ಒಂದು ಕಿಟಕಿ. ಅದರಾಚೆ ಮೂರಡಿಗೆ ಪಕ್ಕದ ಮನೆ ಗೋಡೆ. ಮಧ್ಯಾಹ್ನ ಮೂರು ಗಂಟೆಗೆ ಲೈಟ್ ಹಾಕ್ಬೇಕು. ನನ್ನ ಮಿಷಿನ್ ಇಲ್ಲೇ ಇಡೋದು. ಕಪ್ಪು ಬ್ಲೌಸಿಗೆ ಕಪ್ಪು ದಾರ ಪೋಣಿಸೋಳು ನಾನು. ನೀವು ಬೆಳಿಗ್ಗೆ ಒಂಬತ್ತಕ್ಕೆ ಹೋದ್ರೆ ಆಫೀಸು, ಆಮೇಲೆ ಮೀಟಿಂಗು, ಬರೋದು ರಾತ್ರಿ. ಈ ಗೋಡೆ ಜೊತೆ ದಿನಾ ಇರೋಳು ಯಾರು?"

ನಾನು ಮೌನಕ್ಕೆ ಜಾರಿದೆ. ಇಷ್ಟು ದಿನ ಅವಳ ಕ್ರೀಮನ್ನ ಪೇಂಟರ್‌ನ ಕ್ರೀಮಿನ ಜೊತೆ ಸೇರಿಸಿ ನೋಡಿದ್ದೆ. ಎರಡೂ ಒಂದೇ ಚೀಟಿ, ಒಂದೇ ನಂಬರು. ಆದರೆ ಅವನು ಹೇಳಿದ ಕಾರಣ ಬೇರೆ, ಅವಳು ಹೇಳಿದ ಕಾರಣ ಬೇರೆ. ಅವನದು ಗೊತ್ತಾಗ್ಬಿಡುತ್ತೆ ಅನ್ನೋದು. ಅವಳದು ಸೂಜಿಯ ಕಣ್ಣು ಕಾಣಲ್ಲ ಅನ್ನೋದು.

ಜಗಳ ಬಿಡಿಸಿದ್ದು ಪಿಯುಸಿ ಓದೋ ಮಗಳು. "ಅಪ್ಪಾ, ಇಬ್ರೂ ಮಾತಾಡೋದು ಬಿಟ್ಟು ಹಚ್ಚಿ ನೋಡಿ." ಅಂಗಡಿಯಿಂದ ಎರಡು ಬಣ್ಣದ ಸಣ್ಣ ಡಬ್ಬಿ ತಂದೆವು. ಕಿಟಕಿ ಎದುರಿನ ಗೋಡೆಗೆ ಒಂದು, ಕಿಟಕಿ ಇರೋ ಗೋಡೆಗೆ ಒಂದು, ಮೂರು ಅಡಿಗೆ ಮೂರು ಅಡಿ, ಎರಡೆರಡು ಕೋಟು, ಎರಡೂ ಬಣ್ಣ ಪಕ್ಕಪಕ್ಕ. ಎರಡು ದಿನ ನೋಡಿದೆವು. ಮನೆ ಕಟ್ಟಿಸೋ ಎಲ್ಲರಿಗೂ ಇದನ್ನ ಹೇಳ್ತೀನಿ, ಶೇಡ್ ಕಾರ್ಡ್ ನೋಡಿ ತೀರ್ಮಾನ ಮಾಡಬೇಡಿ. ಅಂಗಡಿ ಬೆಳಕಲ್ಲಿ ಬೆರಳಗಲ ಚೀಟಿ ತೋರಿಸೋ ಬಣ್ಣವೇ ಬೇರೆ, ನಿಮ್ಮ ಗೋಡೆ ಮೇಲೆ ನಿಮ್ಮ ಕಿಟಕಿ ಬೆಳಕು ಬಿದ್ದಾಗ ಕಾಣೋ ಬಣ್ಣವೇ ಬೇರೆ.

ಬೆಳಿಗ್ಗೆ ಹತ್ತಕ್ಕೆ ನೀಲಿ ಬಹಳ ಚೆನ್ನಾಗಿತ್ತು. ನಾನು ಗೆದ್ದೆ ಅಂದ್ಕೊಂಡೆ. ಮಧ್ಯಾಹ್ನ ಮೂರಕ್ಕೆ ಬೂದಿ ಥರ ಆಯ್ತು. ಸಂಜೆ ಐದೂವರೆಗೆ ಅದು ನೀಲಿಯೋ ಕಪ್ಪೋ ಗೊತ್ತಾಗಲಿಲ್ಲ. ಕ್ರೀಮಿಗೂ ದೋಷ ಇತ್ತು. ಹಳದಿ ಬಲ್ಬಿನಲ್ಲಿ ಹಳೇ ಪೇಪರ್ ಥರ ಕಾಣೋದು, ಬಿಳಿ ಎಲ್‌ಇಡಿ ಹಾಕಿದ ಮೇಲೆ ಸರಿ ಹೋಯ್ತು. ಇದರ ಹಿಂದಿನ ಲೆಕ್ಕ ಸುಲಭ. ತಿಳಿ ಕ್ರೀಮ್ ತನ್ನ ಮೇಲೆ ಬಿದ್ದ ಬೆಳಕಲ್ಲಿ ನೂರಕ್ಕೆ ಸುಮಾರು 70ರಷ್ಟನ್ನ ಕೋಣೆಗೆ ವಾಪಸ್ ಕೊಡುತ್ತೆ. ಕಡು ನೀಲಿ ನೂರಕ್ಕೆ 10 ಕೊಟ್ಟರೆ ಹೆಚ್ಚು. ನಮ್ಮ ಹಾಲು 10 ಅಡಿಗೆ 14 ಅಡಿ. ನಾಲ್ಕು ಗೋಡೆ ಸೇರಿ, ಬಾಗಿಲು ಕಿಟಕಿ ಕಳೆದರೂ 400 ಚದರಡಿ ಮೇಲಾಗುತ್ತೆ. ಅಷ್ಟು ಗೋಡೆ ಬೆಳಕು ಕುಡಿಯೋಕೆ ನಿಂತರೆ ಒಂದು ಟ್ಯೂಬ್‌ಲೈಟ್ ಏನು ಮಾಡುತ್ತೆ? ಇನ್ನೂ ಒಂದಿದೆ. ಕಡು ಬಣ್ಣ ಮುಂದೆ ಬೇಡ ಅನ್ನಿಸಿದರೆ ಅದನ್ನ ಮುಚ್ಚೋಕೆ ಮತ್ತೆ ಪ್ರೈಮರ್, ಹೆಚ್ಚು ಕೋಟು, ಹೆಚ್ಚು ಕೂಲಿ.

ಆ ಎರಡು ದಿನದಲ್ಲಿ ಅವ್ವ ಊರಿಂದ ಬಂದಿದ್ದಳು. ಗೋಡೆ ಮೇಲಿನ ಎರಡು ಚೌಕ ನೋಡಿ "ಇದೇನ್ಲಾ ಇದು, ತೇಪೆ ಹಾಕ್ದಂಗೆ" ಅಂದಳು. ವಿಷಯ ಹೇಳಿದೆ. ಅವಳಿಗೆ ನನ್ನ ನೀಲಿಯ ಇತಿಹಾಸ ಬೇಕಾಗಿರಲಿಲ್ಲ. ಅವಳಿಗೆ ಅವಳದೇ ನೀಲಿ ಇತ್ತು.

"ನಾವು ಸುಣ್ಣಕ್ಕೆ ನೀಲಿ ಹಾಕ್ತಿದ್ವಲ್ಲ. ಬಟ್ಟೆಗೆ ಹಾಕೋ ನೀಲಿನೇಯ. ಒಂದು ಚಿಟಿಕೆ. ಜಾಸ್ತಿ ಆದ್ರೆ ಕೆಡ್ತದೆ. ಹಾಕ್ಲಿಲ್ಲ ಅಂದ್ರೆ ಸುಣ್ಣ ಹಳದಿಗೆ ತಿರುಗ್ತದೆ. ಗೌಡ್ರ ಮನೆ ಹೊರಗೋಡೆಗೆಲ್ಲ ನಾನೇ ಬಳೀತಿದ್ದುದು. ಹಬ್ಬಕ್ಕೆ ಮುಂಚೆ ಮೂರು ದಿನ. ಒಳಗೋಡೆಗೆ ಬೇರೆಯವ್ರು. ನಾನು ಹೊಸಿಲು ದಾಟಂಗಿರ್ಲಿಲ್ಲ."

ಹೊರಗೋಡೆ ಅವಳದು, ಒಳಗೋಡೆ ಬೇರೆಯವರದು. ಊರಲ್ಲಿ ಎಲ್ಲರಿಗಿಂತ ಬೆಳ್ಳಗಿನ ಗೋಡೆಗೆ ಎಷ್ಟು ನೀಲಿ ಬೇಕು ಅಂತ ಗೊತ್ತಿದ್ದ ಹೆಂಗಸು, ಆ ಗೋಡೆಯ ಒಳಮೈ ನೋಡಿಲ್ಲ. ಅವಳು ಇದನ್ನ ದುಃಖದಿಂದ ಹೇಳಲಿಲ್ಲ, ಸುಣ್ಣದ ಹದ ಹೇಳೋಕೆ ಹೇಳಿದಳು. ನಾನು ಕೇಳಿದೆ, "ನಿನಗೆ ಯಾವುದು ಬೇಕವ್ವ?" ಅವಳು ನಕ್ಕಳು. "ನನ್ನ ಯಾಕ್ಲಾ ಕೇಳ್ತೀಯ? ಮಿಷಿನ್ ಇಕ್ಕೋಳನ್ನ ಕೇಳು."

ರಾತ್ರಿ ಊಟ ಆದ ಮೇಲೆ ಸೋಲೊಪ್ಪಿಕೊಳ್ಳೋ ದನಿಯಲ್ಲಿ ಹೆಂಡತಿಗೆ ಹೇಳಿದೆ, "ಆಯ್ತು, ಕ್ರೀಮೇ ಆಗಲಿ. ಆದರೆ ಈ ಮನೆ ಯಾರದ್ದು ಅಂತ ಹೇಗೆ ಗೊತ್ತಾಗಬೇಕು?"

ಅವಳ ಉತ್ತರ ನಾನು ಜನ್ಮದಲ್ಲಿ ಮರೆಯಲ್ಲ.

"ಯಾರಿಗೆ ಗೊತ್ತಾಗಬೇಕು? ಹಾಲೊಳಗೆ ಕೂತಿರೋ ನಮಗಾ? ನಾವು ಯಾರು ಅಂತ ನಮಗೆ ಗೊತ್ತಿಲ್ವಾ? ಬೀದಿಗೆ ಹೇಳ್ಬೇಕು ಅಂದ್ರೆ ಬೀದಿಗೆ ಕಾಣೋ ಕಡೆ ಹಚ್ಚಿಸಿ. ಗೇಟಿಗೆ ಹೊಡೆಸಿ ನೀಲಿ. ಗೇಟು ಬೆಳಕು ತಿನ್ನಲ್ಲ."

ಸ್ನೇಹಿತರೇ, ಸುಳ್ಳು ಹೇಳಲ್ಲ. ನಾನು ತಡವರಿಸಿದೆ.

ಹಾಲ್‌ನ ನಾಲ್ಕೂ ಗೋಡೆಗೆ ನೀಲಿ ಬೇಕು ಅಂತ ಎರಡು ವಾರ ಕುಣಿದವನು, ಗೇಟು ಅಂದ ಕೂಡಲೇ "ನೋಡೋಣ" ಅಂದೆ. ಬೀದಿಯಲ್ಲಿ ಎಲ್ಲಾ ಗೇಟೂ ಕಪ್ಪು ಇಲ್ಲ ಕಂದು. ಎದುರು ಮನೆಯವರು, ಹಾಲು ಹಾಕೋರು, ಮೇಲಿನ ಪೋರ್ಷನ್ ನೋಡೋಕೆ ಬರೋರು, ಎಲ್ಲರಿಗೂ ಮೊದಲು ಕಾಣೋದು ಅದೇ. ಆಗ ಅರ್ಥ ಆಯ್ತು. ಹಾಲ್‌ನಲ್ಲಿ ನಾನು ಬಯಸಿದ್ದ ನೀಲಿ ಆರಾಮದ ನೀಲಿ. ಅದನ್ನ ನೋಡೋರು ನಾನು ಕರೆದವರು, ಅಂದ್ರೆ ಬಹುಪಾಲು ನೀವೇ. ಬಂದು ಕೂತು, ಗೋಡೆ ನೋಡಿ, "ಅಣ್ಣ ಸೂಪರ್" ಅಂತ ಫೋಟೊ ತಗೊಂಡು ಹೋಗೋರು. ಆ ಮೆಚ್ಚುಗೆಗೆ ಬೆಲೆ ಕಟ್ಟೋದು ಯಾರ ಕಣ್ಣು? ಕತ್ತಲಲ್ಲಿ ದಾರ ಪೋಣಿಸೋಳ ಕಣ್ಣು.

ಇಲ್ಲಿಂದ ನನ್ನ ಅಭಿಪ್ರಾಯ. ಒಪ್ಪದವರು ಕೆಳಗೆ ಬರೀರಿ, ಜಗಳ ಆಡೋಣ.

ಮೊದಲನೇದು, ನಮ್ಮ ನೌಕರಸ್ಥ ಗೆಳೆಯರಿಗೆ. ನಮ್ಮವರ ಎಷ್ಟೋ ಹೊಸ ಮನೆಗಳ ಗೃಹಪ್ರವೇಶಕ್ಕೆ ಹೋಗಿದ್ದೀನಿ. ಹಾಲ್‌ನಲ್ಲಿ ಕುದುರೆ ಓಡೋ ಪೇಂಟಿಂಗು, ಜಲಪಾತದ ಪೇಂಟಿಂಗು. ಬಾಬಾಸಾಹೇಬರು ಎಲ್ಲಿ ಅಂದ್ರೆ ಬೆಡ್‌ರೂಮಿನಲ್ಲಿ. ನಾನು ನಿಮ್ಮನ್ನ ಬೈಯೋಕೆ ಯೋಗ್ಯ ಅಲ್ಲ, ನನ್ನದು ಬೀರು. ಆದರೆ ಒಂದು ಪ್ರಶ್ನೆ ನಿಮ್ಮಷ್ಟಕ್ಕೆ ಕೇಳ್ಕೊಳ್ಳಿ. ಈ ಬಣ್ಣ ನನಗೆ ಇಷ್ಟ ಅಂತ ಆರಿಸಿದೆನಾ, ಗೊತ್ತಾಗಬಾರದು ಅಂತ ಆರಿಸಿದೆನಾ? ಕ್ರೀಮ್ ತಪ್ಪಲ್ಲ. "ಸುಮ್ನೆ ಯಾಕೆ" ಅನ್ನೋದು ತಪ್ಪು. ಹೆದರಿಕೆ ಯಾವಾಗಲೂ ಇನ್ನೊಂದು ಹೆಸರು ಇಟ್ಕೊಂಡು ಬರುತ್ತೆ, ಡೀಸೆಂಟು, ಕ್ಲಾಸು, ರೀಸೇಲು ಅಂತ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿತು. ಸ್ವಂತ ಮನೆಯ ಸ್ವಂತ ಹಾಲಿನಲ್ಲಿ ನಾವೇ ಅದನ್ನ ಪಾಲಿಸಿದರೆ ಯಾವ ಕೋರ್ಟು ಏನು ಮಾಡುತ್ತೆ?

ಎರಡನೇದು, ನನ್ನಂಥ ಹೋರಾಟಗಾರರಿಗೆ. ಗೋಡೆ ನೋಡಿ ನಿಷ್ಠೆ ಅಳೆಯೋದನ್ನ ಬಿಡೋಣ. ನೀಲಿ ಶಾಲು, ನೀಲಿ ಸ್ಟೇಟಸ್, ನೀಲಿ ಗೋಡೆ ಇದ್ದು, ಒಳಗೆ ಹೆಂಗಸರ ಮಾತಿಗೆ ಬೆಲೆ ಇಲ್ಲ ಅಂದ್ರೆ ಆ ನೀಲಿ ಬರೀ ಪೇಂಟು. ಬಾಬಾಸಾಹೇಬರು ದಾದರ್‌ನಲ್ಲಿ ರಾಜಗೃಹ ಕಟ್ಟಿಸಿದಾಗ ಪುಸ್ತಕಗಳಿಗೆ ಜಾಗ ಆಗಬೇಕು ಅಂತ ಯೋಚಿಸಿ ಕಟ್ಟಿಸಿದರು. ಆ ಮನೆಯಲ್ಲಿ ನಡೀಬೇಕಾದ ಕೆಲಸ ಓದು, ಬರಹ. ನಮ್ಮ ಹಾಲ್‌ನಲ್ಲಿ ನಡೆಯೋ ಕೆಲಸ ಹೊಲಿಗೆ. ನನ್ನ ಸಂಬಳ ಕಂತಿಗೆ ಹೋದ ಮೇಲೆ ಮನೆ ಖರ್ಚು ತೂಗಿಸೋದು ಆ ಮಿಷಿನ್ನು. ಅದಕ್ಕೆ ಬೆಳಕು ಕೊಡೋ ಗೋಡೆ ಅಂಬೇಡ್ಕರ್‌ವಾದಿ ಗೋಡೆ ಅಲ್ವಾ?

ಮೂರನೇದು, ಹೇಳೋಕೆ ನಾಚಿಕೆ ಆಗೋ ವಿಷಯ. ಬಣ್ಣದ ಜಗಳ ಮುಗಿದ ಮಾರನೇ ದಿನ ಯಾವುದೋ ಕಾಗದಕ್ಕೆ ಸೈಟಿನ ಫೈಲ್ ತೆಗೆದೆ. ಖಾತೆ ನನ್ನೊಬ್ಬನ ಹೆಸರಲ್ಲಿದೆ. ಸಾಲದ ಕಾಗದದಲ್ಲಿ ಮಾತ್ರ ಇಬ್ಬರ ಸಹಿ. ಅಂದ್ರೆ ಸಾಲ ಇಬ್ಬರದು, ಮನೆ ಒಬ್ಬನದು. ಹಿಂದೂ ಕೋಡ್ ಬಿಲ್ಲಿನಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿ ಹಕ್ಕು ಕೊಡಬೇಕು ಅಂತ ಬಾಬಾಸಾಹೇಬರು ವರ್ಷಗಟ್ಟಲೆ ಕೂತು ಕೆಲಸ ಮಾಡಿದರು. ಅದು ಪಾಸಾಗದೆ ನಿಂತಾಗ 1951ರಲ್ಲಿ ಕಾನೂನು ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು, ಕೊಟ್ಟ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಈ ಕಥೆಯನ್ನ ನಾನು ಮಹಿಳಾ ದಿನಾಚರಣೆಗಳಲ್ಲಿ ಎಷ್ಟು ಸಲ ಹೇಳಿದ್ದೀನೋ ಲೆಕ್ಕ ಇಲ್ಲ. ಅವರು ಮಂತ್ರಿಗಿರಿ ಬಿಟ್ಟರು. ನಾನು ಒಂದು ಹೆಸರು ಸೇರಿಸೋಕೆ ಮರೆತಿದ್ದೆ. ಮರೆತಿದ್ದೆ ಅನ್ನೋದೂ ಪೂರ್ತಿ ನಿಜ ಅಲ್ಲ, ಹೊಳೆದೇ ಇರಲಿಲ್ಲ. ಅವಳದಲ್ಲದ ಮನೆಯಲ್ಲಿ, ಅವಳು ದುಡಿಯೋ ಕೋಣೆಗೆ, ಅವಳನ್ನ ಕೇಳದೆ, ಬಾಬಾಸಾಹೇಬರ ಹೆಸರಲ್ಲಿ ಬಣ್ಣ ಹೊಡೆಸೋಕೆ ಹೊರಟಿದ್ದೆ. ಈಗ ಮನೆ ಅಡಮಾನದಲ್ಲಿ ಇರೋದ್ರಿಂದ ಹೆಸರು ಸೇರಿಸೋಕೆ ಬ್ಯಾಂಕಿನ ಒಪ್ಪಿಗೆ ಕೇಳಿ ಅರ್ಜಿ ಕೊಟ್ಟಿದ್ದೀನಿ. ಮನೆ ಕಟ್ಟಿಸ್ತಿರೋ ತಮ್ಮಂದಿರೇ, ಬಣ್ಣದ ತನಕ ಕಾಯಬೇಡಿ. ಸೈಟ್ ರಿಜಿಸ್ಟ್ರೇಷನ್ ದಿನವೇ ಇಬ್ಬರ ಹೆಸರೂ ಹಾಕಿಸಿ.

ಕೊನೆಗೆ ಏನಾಯ್ತು ಅಂದ್ರೆ, ಹಾಲು ಕ್ರೀಮ್. ಮಧ್ಯಾಹ್ನ ನಾಲ್ಕರ ತನಕ ಲೈಟ್ ಹಾಕೋ ಹಾಗಿಲ್ಲ. ಬಾಗಿಲು ತೆಗೆದ ಕೂಡಲೇ ಎದುರಿಗೆ ಕಾಣೋ ಗೋಡೆಗೆ ಮೂರಡಿ ಎತ್ತರದ ಬಾಬಾಸಾಹೇಬರ ಫೋಟೊ. ಪಕ್ಕದಲ್ಲಿ ಬುದ್ಧ, ಇನ್ನೊಂದು ಪಕ್ಕ ಸಾವಿತ್ರಿಬಾಯಿ ಫುಲೆ. ಆ ತಿಳಿ ಗೋಡೆ ಮೇಲೆ ಬಾಬಾಸಾಹೇಬರ ನೀಲಿ ಕೋಟು ಎಷ್ಟು ಚೆನ್ನಾಗಿ ಎದ್ದು ಕಾಣುತ್ತೆ ಅಂದ್ರೆ, ಗೋಡೆನೂ ನೀಲಿ ಇದ್ದಿದ್ರೆ ಅದರಲ್ಲೇ ಕಲೆತು ಹೋಗ್ತಿತ್ತು. ಗೃಹಪ್ರವೇಶದ ದಿನ ಸಂವಿಧಾನದ ಪ್ರಸ್ತಾವನೆಯನ್ನ ಮಗಳು ಓದಿದಳು. ಅವ್ವ ಹಾಲ್‌ನ ಒಳಗೋಡೆ ಮೇಲೆ ಅಂಗೈ ಇಟ್ಟು ಸವರಿ ನೋಡಿದಳು. "ನುಣ್ಣಗೈತೆ" ಅಂದಳು.

ಗೇಟು ನೀಲಿ. ಎನಾಮಲ್ ಪೇಂಟು, ಎರಡು ಕೋಟು. ಪೇಂಟರ್‌ಗೆ ಹೇಳಿದಾಗ ಅವನು ನನ್ನ ಮುಖ ನೋಡಿದ. "ಗ್ಯಾರಂಟಿನಾ ಅಣ್ಣ?" ಅಂದ. ಗ್ಯಾರಂಟಿ ಅಂದೆ. ಕೆಲಸ ಮುಗಿಸಿ ಬ್ರಷ್ ತೊಳೆಯೋವಾಗ, "ಸ್ವಲ್ಪ ಮಿಕ್ಕಿದೆ, ತಗೊಂಡು ಹೋಗ್ಲಾ?" ಅಂತ ಕೇಳಿದ. ಯಾವುದಕ್ಕೆ ಅಂತ ನಾನು ಕೇಳಲಿಲ್ಲ.

ಇದೆಲ್ಲ ಆಗಿ ತಿಂಗಳ ಮೇಲಾಯ್ತು. ಮೇಲಿನ ಪೋರ್ಷನ್ ನೋಡೋಕೆ ಮೂರು ಜನ ಬಂದರು. ಒಬ್ಬರು ಗೇಟಿನ ಹತ್ತಿರವೇ ನಿಂತು ಫೋನಲ್ಲಿ ಮಾತಾಡಿ ಹೊರಟು ಹೋದರು. ಇಬ್ಬರು ಒಳಗೆ ಬಂದು ಫೋಟೊ ನೋಡಿ, ನೀರು ಬೇಡ ಅಂದು, "ಮನೇಲಿ ಕೇಳಿ ಹೇಳ್ತೀವಿ" ಅಂದರು. ಇನ್ನೂ ಹೇಳಿಲ್ಲ. ಪೇಂಟರ್ ಹೇಳಿದ್ದು ಸುಳ್ಳಾಗಿರಲಿಲ್ಲ. ಈ ತಿಂಗಳ ಕಂತು ಕಟ್ಟೋಕೆ ಸೊಸೈಟಿಯಲ್ಲಿ ಕೈಸಾಲ ಮಾಡಿದ್ದೀನಿ. ಗೇಟಿಗೆ ಕಪ್ಪು ಹೊಡೆಸಿಬಿಡಿ ಅಂತ ನಮ್ಮವರೇ ಇಬ್ಬರು ಸಲಹೆ ಕೊಟ್ಟರು. ಹೆಂಡತಿಯನ್ನ ಕೇಳಿದೆ. ಈ ಸಲ ಮೊದಲೇ ಕೇಳಿದೆ. "ಇರಲಿ, ಇನ್ನೆರಡು ಬ್ಲೌಸ್ ಜಾಸ್ತಿ ಹೊಲಿತೀನಿ" ಅಂದಳು.

ಹಾಗಾಗಿ ಈ ಬರಹದ ಜೊತೆಗೇ ಒಂದು ಜಾಹೀರಾತು. ಬಾಡಿಗೆಗೆ ಮನೆ ಇದೆ. ಒಂದು ರೂಮು, ಅಡುಗೆಮನೆ, ಬಾತ್‌ರೂಮು, ಒಳ್ಳೆ ಗಾಳಿ, ನೀರು ದಿನಾ ಬರುತ್ತೆ. ವೆಜ್ಜು, ನಾನ್‌ವೆಜ್ಜು ಏನಾದರೂ ಮಾಡ್ಕೊಳ್ಳಿ. ಯಾವ ಜನ ಅಂತ ನಾವು ಕೇಳಲ್ಲ. ಗೋಡೆಗೆ ಮೊಳೆ ಹೊಡ್ಕೋಬಹುದು, ನಿಮಗೆ ಬೇಕಾದ ಫೋಟೊ ಹಾಕ್ಕೋಬಹುದು. ಬಣ್ಣ ಇಷ್ಟ ಆಗಲಿಲ್ಲ ಅಂದ್ರೆ ಹೇಳಿ, ಕೂತು ಮಾತಾಡೋಣ.

ಗುರುತು ಸುಲಭ. ಬೀದಿಯಲ್ಲಿ ನೀಲಿ ಗೇಟು ಇರೋದು ಒಂದೇ ಮನೆಗೆ.

ಜೈಭೀಮ್.